ಲೋಗೋ ‘ಎ’ ಚೆಂದವೋ ‘ಬಿ’ ಚೆಂದವೋ? ಗ್ರೂಪಿನಲ್ಲಿ ಬಿದ್ದ ವೋಟುಗಳನ್ನು ಎಷ್ಟು ನಂಬಬಹುದು?

“ನಮ್ಮ ಆನ್‌ಲೈನ್ ಚಿತ್ರಕಲಾ ಗ್ಯಾಲರಿಗೆ ಹೊಸ ಲೋಗೋ ಮಾಡಿಸುತ್ತಿದ್ದೇವೆ. ‘ಎ’ ಚೆನ್ನಾಗಿದೆಯೋ, ‘ಬಿ’ ಚೆನ್ನಾಗಿದೆಯೋ ದಯವಿಟ್ಟು ತಿಳಿಸಿ. ನಿಮ್ಮ ಬಳಗದವರಿಗೂ ಕಳಿಸಿ.”

ಇಂಥದ್ದೊಂದು ಮೆಸೇಜು ನಿಮ್ಮ ಫೋನಿಗೂ ಬಂದಿರಬಹುದು. ಗ್ಯಾಲರಿ ಇಲ್ಲದಿದ್ದರೆ ಬೇಕರಿ, ಬೇಕರಿ ಇಲ್ಲದಿದ್ದರೆ ಟ್ಯೂಷನ್ ಸೆಂಟರ್. ಹತ್ತು ನಿಮಿಷದಲ್ಲಿ ಹೆಬ್ಬೆರಳುಗಳ ಸಾಲು ಶುರುವಾಗುತ್ತದೆ. “ಭಾಳ ಚಲೋ ಐತ್ರಿ ಸರ”, “ಸೂಪರ್ ಅಣ್ಣ”, “ಎ ನೇ ಇರಲಿ ಅಕ್ಕಾರೇ”. ನಡುವೆ ಒಬ್ಬರು ಗುಡ್ ಮಾರ್ನಿಂಗ್ ಹೂವು ಹಾಕುತ್ತಾರೆ. ಸಂಜೆ ಎಣಿಸಿ ನೋಡಿದರೆ ‘ಎ’ಗೆ ನಲವತ್ತು, ‘ಬಿ’ಗೆ ಒಂಬತ್ತು. ಜನರೇ ಆರಿಸಿಬಿಟ್ಟರು ಎಂದುಕೊಂಡು ಡಿಸೈನರ್‌ಗೆ ಉಳಿದ ದುಡ್ಡು ಕಳಿಸುವುದು ಮುಂದಿನ ಕೆಲಸ.

ಜನ ನಿಜವಾಗಿ ಆರಿಸಿದರೇ? ಈ ಪ್ರಶ್ನೆಗೆ ಮನಶ್ಶಾಸ್ತ್ರ ಎಪ್ಪತ್ತು ವರ್ಷಗಳಿಂದ ಉತ್ತರ ಹುಡುಕುತ್ತಿದೆ. ಸಿಕ್ಕಿರುವ ಉತ್ತರ ಗ್ರೂಪ್ ಅಡ್ಮಿನ್‌ಗಳಿಗೆ ಅಷ್ಟು ಹಿತವಾದದ್ದಲ್ಲ.

ಕೂಡ್ಲಿಗಿಯವರಿಗೆ ಇದು ಯಾಕೆ ಬೇಕು?

ಲೋಗೋ ಎಂದರೆ ಬೆಂಗಳೂರಿನ ದೊಡ್ಡ ಕಂಪನಿಗಳ ತಲೆನೋವು ಎಂಬ ಭಾವನೆ ಇದೆ. ಹಾಗೇನಿಲ್ಲ. ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಎಂಬ ಬೆಂಗಳೂರಿನ ಕಲಾ ಸಂಗ್ರಹಾಲಯ 2020ರ ಡಿಸೆಂಬರ್‌ನಲ್ಲಿ ಮೊದಲು ಇಂಟರ್‌ನೆಟ್‌ನಲ್ಲೇ ಬಾಗಿಲು ತೆರೆಯಿತು. ಕಟ್ಟಡ ತೆರೆದದ್ದು 2023ರಲ್ಲಿ. ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಗೆ ಪ್ರತಿ ವರ್ಷ ಕುಮಾರಕೃಪಾ ರಸ್ತೆ ತುಂಬಿ ತುಳುಕುತ್ತದೆ. ಕೊರೊನಾ ಕಾರಣಕ್ಕೆ 2021ರಲ್ಲಿ ಅದೂ ಆನ್‌ಲೈನ್ ಆಯಿತು. ಚಿತ್ರ ಮಾರಲು ಬೆಂಗಳೂರಿಗೆ ಬಸ್ ಹತ್ತಲೇಬೇಕು ಎಂಬ ಕಾಲ ಅಷ್ಟರ ಮಟ್ಟಿಗೆ ಹೋಯಿತು.

2021ರಲ್ಲೇ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆ ಬಂತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ ಎಲ್ಲ ಈಗ ಆ ಜಿಲ್ಲೆಯ ತಾಲ್ಲೂಕುಗಳು. ಇಲ್ಲಿ ಚಿತ್ರ ಬರೆಯುವವರಿಗೆ ಬರವಿಲ್ಲ. ಶಾಲೆಯ ಡ್ರಾಯಿಂಗ್ ಮೇಷ್ಟ್ರು, ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾದ ಬೋರ್ಡ್ ಪೇಂಟರ್, ತಾಂಡಾಗಳಲ್ಲಿ ಲಂಬಾಣಿ ಕಸೂತಿ ಹಾಕುವ ಹೆಣ್ಣುಮಕ್ಕಳು ಎಲ್ಲರೂ ಇದ್ದಾರೆ. ಪಕ್ಕದ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಕೊಟ್ಟೂರಿನಲ್ಲಿ ಕೂತ ಕಲಾವಿದೆಯೊಬ್ಬರು ಇಂಥ ನಾಲ್ಕೈದು ಜನರ ಕೆಲಸ ಸೇರಿಸಿ ಇನ್‌ಸ್ಟಾಗ್ರಾಂನಲ್ಲಿ, ವಾಟ್ಸಾಪ್ ಬಿಸಿನೆಸ್‌ನಲ್ಲಿ ಒಂದು ಗ್ಯಾಲರಿ ನಡೆಸುತ್ತಿದ್ದಾರೆ ಎಂದುಕೊಳ್ಳಿ. ಆ ಅಂಗಡಿಗೆ ಶಟರ್ ಇಲ್ಲ, ಬೋರ್ಡ್ ಇಲ್ಲ, ಗಲ್ಲಾದಲ್ಲಿ ಕೂತ ಮನುಷ್ಯ ಕಾಣುವುದಿಲ್ಲ. ಪುಣೆಯಲ್ಲೋ ದುಬೈನಲ್ಲೋ ಇರುವ ಗಿರಾಕಿಗೆ ಕಾಣುವುದು ಹೆಬ್ಬೆಟ್ಟಿನ ಉಗುರಿನಷ್ಟು ದೊಡ್ಡದಾದ ಒಂದು ದುಂಡು ಚಿತ್ರ. ಐದು ಸಾವಿರ ರೂಪಾಯಿ ಮುಂಗಡ ಕಳಿಸುವ ಮುಂಚೆ ಆತ “ಹೋದ ಸಲ ತಗೊಂಡದ್ದು ಇವರ ಹತ್ತಿರವೇ ತಾನೇ?” ಎಂದು ಗುರುತು ಹಿಡಿಯುವುದು ಅದರಿಂದಲೇ. ಅದನ್ನು ಬದಲಿಸುವಾಗ ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಎಂಬುದು ಹೊಟ್ಟೆಪಾಡಿನ ಪ್ರಶ್ನೆ.

ಮೊದಲ ಮೂರು ಹೆಬ್ಬೆರಳುಗಳ ಶಕ್ತಿ

1950ರ ದಶಕದ ಆರಂಭದಲ್ಲಿ ಅಮೆರಿಕದ ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಸರಳ ಪ್ರಯೋಗ ಮಾಡಿದರು. ಒಂದು ಗೆರೆ ತೋರಿಸಿ, ಪಕ್ಕದ ಮೂರು ಗೆರೆಗಳಲ್ಲಿ ಅದರಷ್ಟೇ ಉದ್ದ ಇರುವುದು ಯಾವುದು ಎಂದು ಕೇಳುವುದು. ಮಕ್ಕಳೂ ಹೇಳಬಲ್ಲ ಉತ್ತರ. ಆದರೆ ಕೋಣೆಯಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಆಶ್ ಅವರೇ ಕೂರಿಸಿದವರು. ಅವರು ಬೇಕೆಂದೇ ಒಟ್ಟಾಗಿ ತಪ್ಪು ಉತ್ತರ ಹೇಳುತ್ತಿದ್ದರು. ಆ ಒಬ್ಬರು ಏನು ಮಾಡಿದರು? ಇಂಥ ಸುತ್ತುಗಳಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಸಲ ಗುಂಪಿನ ತಪ್ಪನ್ನೇ ತಾವೂ ಹೇಳಿದರು. ಭಾಗವಹಿಸಿದವರಲ್ಲಿ ನಾಲ್ಕರಲ್ಲಿ ಮೂವರು ಒಮ್ಮೆಯಾದರೂ ಹಾಗೆ ಮಾಡಿದ್ದರು. ಉತ್ತರವನ್ನು ಗುಟ್ಟಾಗಿ ಬರೆದುಕೊಡಲು ಬಿಟ್ಟಾಗ ಈ ಒಲವು ತುಂಬಾ ಇಳಿಯಿತು. ಗುಂಪಿನಲ್ಲಿ ಸರಿ ಉತ್ತರ ಹೇಳುವ ಇನ್ನೊಬ್ಬ ಜೊತೆಗಾರ ಸಿಕ್ಕಾಗಲೂ ಇಳಿಯಿತು.

ಕಣ್ಣಿಗೆ ಕಾಣುವ ಗೆರೆಯ ಉದ್ದದ ವಿಷಯದಲ್ಲೇ ಹೀಗಾದರೆ, ಸರಿ ತಪ್ಪು ಎಂಬುದೇ ಇಲ್ಲದ ಅಂದಚೆಂದದ ವಿಷಯದಲ್ಲಿ? 2006ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಅಳೆದಿತ್ತು. ಹೆಸರೇ ಕೇಳದ ತಂಡಗಳ 48 ಹಾಡುಗಳನ್ನು 14 ಸಾವಿರಕ್ಕೂ ಹೆಚ್ಚು ಜನರ ಮುಂದೆ ಇಡಲಾಯಿತು. ಕೆಲವರಿಗೆ ಹಾಡು ಮಾತ್ರ, ಉಳಿದವರಿಗೆ ಅದನ್ನು ಎಷ್ಟು ಜನ ಡೌನ್‌ಲೋಡ್ ಮಾಡಿದ್ದಾರೆ ಎಂಬ ಎಣಿಕೆಯೂ ಕಾಣುತ್ತಿತ್ತು. ಎಣಿಕೆ ಕಾಣುವವರನ್ನು ಎಂಟು ಬೇರೆ ಬೇರೆ ಗುಂಪುಗಳಾಗಿ ಮಾಡಿದ್ದರು. ಒಂದು ಗುಂಪಿನಲ್ಲಿ ಮೇಲೆ ಹೋದ ಹಾಡು ಇನ್ನೊಂದರಲ್ಲಿ ಮಧ್ಯಕ್ಕೋ ಕೆಳಕ್ಕೋ ಬಿತ್ತು. ತೀರಾ ಒಳ್ಳೆಯದು ನೆಲ ಕಚ್ಚಿದ್ದು ಅಪರೂಪ, ತೀರಾ ಕಳಪೆ ಗೆದ್ದದ್ದೂ ಅಪರೂಪ. ನಡುವಿನ ಹಾಡುಗಳ ಭವಿಷ್ಯ ಮಾತ್ರ ಮೊದಲು ಬಂದವರು ಯಾವುದನ್ನು ಒತ್ತಿದರು ಎಂಬುದರ ಮೇಲೆ ನಿಂತಿತ್ತು.

ಇದನ್ನು ವಾಟ್ಸಾಪ್‌ಗೆ ತನ್ನಿ. ಮೊದಲ ಉತ್ತರ ಊರಿನ ಹಿರಿಯರದ್ದೋ, ಹೆಡ್‌ಮಾಸ್ಟರರದ್ದೋ ಆಗಿದ್ದರೆ ಕತೆ ಮುಗಿಯಿತು. “ಎ” ಎಂದು ಅವರು ಹಾಕಿದ ಮೇಲೆ “ನಂಗ್ಯಾಕೋ ಬಿ ಚಂದ ಅನಸ್ತತ್ರಿ” ಎನ್ನುವ ಗಂಡೆದೆ ಎಷ್ಟು ಜನರಿಗಿದೆ? ನಲವತ್ತು ವೋಟು ಎಂದು ನೀವು ಎಣಿಸಿದ್ದು ಎರಡೋ ಮೂರೋ ಸ್ವಂತ ಅಭಿಪ್ರಾಯ, ಉಳಿದದ್ದು ಪ್ರತಿಧ್ವನಿ. ವಾಟ್ಸಾಪ್ ಪೋಲ್ ಮಾಡಿದರೂ ಇದು ತಪ್ಪುವುದಿಲ್ಲ. ಯಾರು ಯಾವುದಕ್ಕೆ ಹಾಕಿದರು ಎಂದು ಅಲ್ಲಿ ಎಲ್ಲರಿಗೂ ಕಾಣುತ್ತದೆ.

ಇನ್ನೊಂದು ಮಾತು. ಆ ನಲವತ್ತು ಜನರಲ್ಲಿ ಎಷ್ಟು ಮಂದಿ ಇದುವರೆಗೆ ಒಂದು ಚಿತ್ರ ಕೊಂಡಿದ್ದಾರೆ? ಸೋದರತ್ತೆಯ ಮಗ ಒಳ್ಳೆಯವನೇ. ಆದರೆ ಗಿರಾಕಿ ಅವನಲ್ಲ.

ಹೊಸತು ಕಂಡ ತಕ್ಷಣ ಮುಖ ಸಿಂಡರಿಸುವುದು

ಗುಂಪು ಮೆಚ್ಚುವುದನ್ನು ನಂಬಬಾರದು ಎಂದರೆ ಗುಂಪು ಬೈಯುವುದನ್ನು ನಂಬಬಹುದೇ? ಅದೂ ಪೂರ್ತಿಯಾಗಿ ಅಲ್ಲ.

1968ರಲ್ಲಿ ರಾಬರ್ಟ್ ಜಾಯನ್ಸ್ ಎಂಬ ಸಂಶೋಧಕರು ಅರ್ಥವಿಲ್ಲದ ಪದಗಳು, ಚೀನೀ ಲಿಪಿಯಂಥ ಗುರುತುಗಳು, ಅಪರಿಚಿತರ ಫೋಟೋಗಳನ್ನು ಜನರಿಗೆ ಕೆಲವನ್ನು ಹೆಚ್ಚು ಸಲ, ಕೆಲವನ್ನು ಕಡಿಮೆ ಸಲ ತೋರಿಸಿದರು. ಹೆಚ್ಚು ಸಲ ಕಂಡದ್ದೇ ಹೆಚ್ಚು ಹಿತವೆನಿಸಿತು. ಬೇರೆ ಕಾರಣವೇ ಬೇಕಿರಲಿಲ್ಲ, ಕಂಡು ರೂಢಿಯಾದದ್ದೇ ಕಾರಣ. ಹಳೆಯ ಲೋಗೋ ನೂರು ಸಲ ಕಂಡಿದೆ, ಹೊಸತು ಇದೇ ಮೊದಲ ಸಲ. ಎರಡನ್ನೂ ಪಕ್ಕಪಕ್ಕ ಇಟ್ಟು “ಯಾವುದು ಚೆಂದ?” ಎಂದು ಕೇಳುವುದು, ಹಟ್ಟಿಯಲ್ಲಿ ಬೆಳೆದ ಹೋರಿಯನ್ನೂ ನಿನ್ನೆ ಸಂತೆಯಿಂದ ತಂದದ್ದನ್ನೂ ಮನೆಯವರ ಮುಂದೆ ನಿಲ್ಲಿಸಿ ಯಾವುದು ನಿಮ್ಮದು ಅನ್ನಿಸುತ್ತದೆ ಎಂದು ಕೇಳಿದ ಹಾಗೆ.

ನಮ್ಮ ರೂಪಾಯಿ ಚಿಹ್ನೆಯನ್ನೇ ನೋಡಿ. ಮೂರು ಸಾವಿರಕ್ಕೂ ಹೆಚ್ಚು ವಿನ್ಯಾಸಗಳು ಸ್ಪರ್ಧೆಗೆ ಬಂದಿದ್ದವು. ತೀರ್ಪುಗಾರರು ಐದನ್ನು ಆರಿಸಿದರು, ಕೊನೆಗೆ 2010ರ ಜುಲೈನಲ್ಲಿ ಡಿ. ಉದಯಕುಮಾರ್ ಅವರ ವಿನ್ಯಾಸವನ್ನು ಕೇಂದ್ರ ಸಂಪುಟ ಒಪ್ಪಿತು. ಹೊಸದರಲ್ಲಿ ಅದನ್ನು ಟೈಪ್ ಮಾಡಲು ಕೀಲಿಯೇ ಇರಲಿಲ್ಲ. ಇವತ್ತು ಕಿರಾಣಿ ಅಂಗಡಿಯ ಬೋರ್ಡಿನಿಂದ ಫೋನ್‌ಪೇ ಪರದೆಯವರೆಗೆ ಅದು ಇದೆ. ಯಾರಿಗೂ ಹೊಸದೆನಿಸುವುದಿಲ್ಲ.

ಅಮೆರಿಕದ ಬಟ್ಟೆ ಕಂಪನಿ ಗ್ಯಾಪ್ 2010ರ ಅಕ್ಟೋಬರ್‌ನಲ್ಲಿ ಹೊಸ ಲೋಗೋ ತಂದು, ಇಂಟರ್‌ನೆಟ್ ಬೈಗುಳಕ್ಕೆ ಬೆದರಿ ಸುಮಾರು ಒಂದು ವಾರದಲ್ಲೇ ಹಿಂತೆಗೆಯಿತು. ಅದು ನಿಜಕ್ಕೂ ಕೆಟ್ಟದಾಗಿತ್ತೇ, ಹೊಸದಾಗಿತ್ತಷ್ಟೇ ಎಂಬುದು ಒಂದು ವಾರದಲ್ಲಿ ತಿಳಿಯುವಂಥದ್ದಲ್ಲ. ಟ್ರಾಪಿಕಾನಾ ಹಣ್ಣಿನ ರಸದ ಕತೆ ಬೇರೆ. 2009ರಲ್ಲಿ ಪೊಟ್ಟಣದ ಮೇಲಿದ್ದ, ಸ್ಟ್ರಾ ಚುಚ್ಚಿದ ಕಿತ್ತಳೆ ಹಣ್ಣಿನ ಚಿತ್ರ ತೆಗೆದು ಗಾಜಿನ ಲೋಟ ಹಾಕಿದರು. ಎರಡು ತಿಂಗಳೊಳಗೆ ಮಾರಾಟ ಸುಮಾರು ಶೇ 20ರಷ್ಟು ಕುಸಿಯಿತು ಎಂದು ವರದಿಯಾಯಿತು, ಹಳೆಯದೇ ವಾಪಸ್ ಬಂತು. ಅಲ್ಲಿ ಅಂಗಡಿಯ ಕಪಾಟಿನ ಮುಂದೆ ನಿಂತವರಿಗೆ ತಮ್ಮ ಪೊಟ್ಟಣದ ಗುರುತೇ ಸಿಗಲಿಲ್ಲ. “ನನಗೆ ಹಿಡಿಸಲಿಲ್ಲ” ಎನ್ನುವುದಕ್ಕಿಂತ “ನನಗೆ ಗುರುತು ಸಿಗಲಿಲ್ಲ” ಎನ್ನುವ ದೂರು ಎಷ್ಟೋ ಗಂಭೀರ. ಪ್ರತಿಕ್ರಿಯೆ ಕೇಳುವವರು ಇವೆರಡನ್ನು ಬೇರೆ ಮಾಡಿ ಬರೆದುಕೊಳ್ಳಬೇಕು.

2017ರ ಡಿಸೆಂಬರ್‌ನಲ್ಲಿ ಬೆಂಗಳೂರು ನಗರಕ್ಕೇ ಒಂದು ಲೋಗೋ ಬಿಡುಗಡೆಯಾದದ್ದು ನೆನಪಿರಬಹುದು. ‘ಬಿ ಯು’ ಎಂಬ ಅಕ್ಷರಗಳನ್ನು ಎತ್ತಿ ತೋರಿಸಿದ ವಿನ್ಯಾಸ. ದೇಶದಲ್ಲಿ ಸ್ವಂತ ಲೋಗೋ ಪಡೆದ ಮೊದಲ ನಗರ ಎಂದು ಸುದ್ದಿಯಾಯಿತು, ಹೊಗಳಿದವರೂ ಆಡಿಕೊಂಡವರೂ ಇದ್ದರು. ಇವತ್ತು ನಿಮ್ಮಲ್ಲಿ ಎಷ್ಟು ಜನ ಅದನ್ನು ನೆನಪಿನಿಂದ ಬಿಡಿಸಬಲ್ಲಿರಿ? ದಿನಾ ಕಣ್ಣಿಗೆ ಬೀಳದ ಲೋಗೋ ಚೆಂದವಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

“ಯಾಕೆ ಇಷ್ಟ, ಕಾರಣ ಕೊಡಿ” ಎಂದಾಗ

ವಿವರವಾಗಿ ಕೇಳಿದರೆ ಒಳ್ಳೆಯ ಅಭಿಪ್ರಾಯ ಸಿಗುತ್ತದೆ ಎಂಬುದು ಇನ್ನೊಂದು ನಂಬಿಕೆ. 1993ರಲ್ಲಿ ಟಿಮೋತಿ ವಿಲ್ಸನ್ ಮತ್ತು ಸಂಗಡಿಗರು ವಿದ್ಯಾರ್ಥಿಗಳ ಮುಂದೆ ಕೆಲವು ಪೋಸ್ಟರ್‌ಗಳನ್ನು ಇಟ್ಟರು. ಪ್ರಸಿದ್ಧ ಕಲಾಕೃತಿಗಳ ಪ್ರತಿಗಳು ಕೆಲವು, ನಗೆ ಬರಿಸುವ ಪೋಸ್ಟರ್‌ಗಳು ಕೆಲವು. ಅರ್ಧ ಜನರಿಗೆ ಇಷ್ಟವಾದದ್ದಕ್ಕೆ ಮತ್ತು ಆಗದ್ದಕ್ಕೆ ಕಾರಣ ಬರೆಯಲು ಹೇಳಿದರು, ಉಳಿದವರಿಗೆ ಹೇಳಲಿಲ್ಲ. ಆಮೇಲೆ ಬೇಕಾದದ್ದನ್ನು ಮನೆಗೆ ಒಯ್ಯಲು ಬಿಟ್ಟರು. ಕಾರಣ ಬರೆದವರು ನಗೆ ಪೋಸ್ಟರ್‌ಗಳನ್ನು ಹೆಚ್ಚಾಗಿ ಒಯ್ದರು. ಕೆಲವು ವಾರಗಳ ನಂತರ ಕೇಳಿದಾಗ ತಮ್ಮ ಆಯ್ಕೆಯ ಬಗ್ಗೆ ಕಡಿಮೆ ತೃಪ್ತಿ ಇದ್ದದ್ದೂ ಅವರಿಗೇ.

ಮಾತಿನಲ್ಲಿ ಹೇಳಲು ಸುಲಭವಾದ ಕಾರಣದ ಕಡೆ ಮನಸ್ಸು ವಾಲುತ್ತದೆ ಎಂಬುದು ಸಂಶೋಧಕರ ವಿವರಣೆ. “ಇದರಲ್ಲಿ ನವಿಲು ಇದೆ, ಬ್ರಷ್ ಇದೆ, ಬಣ್ಣದ ತಟ್ಟೆ ಇದೆ” ಎಂದು ಹೇಳುವುದು ಸುಲಭ. ಒಂದು ಖಾಲಿ ಜಾಗ ಯಾಕೆ ಹಿತವಾಗಿದೆ ಎಂದು ಹೇಳುವುದು ಕಷ್ಟ. ಅದಕ್ಕೇ ಸಲಹೆ ಕೇಳುತ್ತ ಹೋದಂತೆ ಲೋಗೋ ಜಾತ್ರೆಯ ಮಿಠಾಯಿ ಅಂಗಡಿಯಂತಾಗುತ್ತದೆ. ಪ್ರತಿಯೊಬ್ಬರ ಸಲಹೆಗೂ ಅದರಲ್ಲಿ ಒಂದೊಂದು ಗೂಟ ಇರುತ್ತದೆ.

ಲೋಗೋದಲ್ಲಿ ಅಡಗಿದ ರಹಸ್ಯಗಳ ಫಾರ್ವರ್ಡ್‌ಗಳು

ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ “ಸದ್ದಲೇ” ಎಂದು ಜನಸ್ತೋಮವನ್ನು ಸುಮ್ಮನಾಗಿಸಿ ಒಂದೇ ಸಾಲಿನ ಕಾರಣಿಕ ನುಡಿಯುತ್ತಾರೆ. ಸಾಲು ಒಂದೇ. ಮಳೆಯ ಬಗ್ಗೆ ಎಂದು ರೈತರು, ಸರ್ಕಾರದ ಬಗ್ಗೆ ಎಂದು ರಾಜಕಾರಣಿಗಳು ಅರ್ಥ ಮಾಡಿಕೊಂಡು ಮನೆಗೆ ಹೋಗುತ್ತಾರೆ. ಚಿಕ್ಕ ಗುರುತಿಗೆ ದೊಡ್ಡ ಅರ್ಥ ತುಂಬುವುದು ಮನುಷ್ಯನ ಸ್ವಭಾವ, ಲೋಗೋ ವಿಷಯದಲ್ಲೂ ಅಷ್ಟೇ.

ಸ್ಟೇಟ್ ಬ್ಯಾಂಕಿನ ಲೋಗೋ ಅಹಮದಾಬಾದಿನ ಕಾಂಕರಿಯಾ ಕೆರೆಯ ನಕಾಶೆ ಎಂಬ ಫಾರ್ವರ್ಡ್ ನೋಡದವರು ಕಡಿಮೆ. ಉಪಗ್ರಹ ಚಿತ್ರವನ್ನೂ ಲೋಗೋವನ್ನೂ ಪಕ್ಕಪಕ್ಕ ಇಟ್ಟಿರುತ್ತಾರೆ, ಹೋಲಿಕೆ ಇರುವುದೂ ನಿಜ. ಲೋಗೋ 1971ರದ್ದು, ಮಾಡಿದ್ದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಶೇಖರ್ ಕಾಮತ್ ಎಂಬುದೂ ನಿಜ. ಆದರೆ ಹೋಲಿಕೆಯೇ ಪುರಾವೆಯಲ್ಲ. ಒಂದು ದುಂಡು, ಕೆಳಕ್ಕೆ ಒಂದು ಗೆರೆ. ಇದರಲ್ಲಿ ಬೀಗದ ಕೀಲಿ ತೂತು ಕಾಣುತ್ತದೆ, ದೊಡ್ಡ ಬ್ಯಾಂಕಿನ ನಡುವೆ ನಿಂತ ಸಣ್ಣ ಮನುಷ್ಯ ಕಾಣುತ್ತಾನೆ, ನಡುವೆ ದ್ವೀಪವಿರುವ ಯಾವ ದುಂಡು ಕೆರೆಯೂ ಕಾಣುತ್ತದೆ. ಆ್ಯಪಲ್ ಕಂಪನಿಯ ಕಚ್ಚಿದ ಸೇಬು ಗಣಿತಜ್ಞ ಅಲನ್ ಟ್ಯೂರಿಂಗ್ ನೆನಪಿಗೆ ಎಂಬ ಕತೆಯೂ ಹೀಗೆಯೇ ಓಡಾಡುತ್ತದೆ. 1977ರಲ್ಲಿ ಅದನ್ನು ಬಿಡಿಸಿದ ರಾಬ್ ಜಾನಾಫ್ ಆ ಕತೆಯನ್ನು ಅಲ್ಲಗಳೆದಿದ್ದಾರೆ. ಕಚ್ಚಿದ ಗುರುತು ಇಲ್ಲದಿದ್ದರೆ ಸಣ್ಣ ಗಾತ್ರದಲ್ಲಿ ಅದು ಚೆರ್ರಿ ಹಣ್ಣಿನಂತೆ ಕಾಣುತ್ತದೆ ಎಂಬುದಷ್ಟೇ ಅವರ ಕಾರಣ. ಎಲ್ಲವೂ ಕಟ್ಟುಕತೆಯಲ್ಲ ಎನ್ನಿ. ಫೆಡೆಕ್ಸ್ ಕೊರಿಯರ್ ಹೆಸರಿನ ಎರಡು ಅಕ್ಷರಗಳ ನಡುವೆ ಅಡಗಿರುವ ಬಾಣವನ್ನು ವಿನ್ಯಾಸಕಾರರು ಬೇಕೆಂದೇ ಉಳಿಸಿಕೊಂಡದ್ದು.

ಈ ಸ್ವಭಾವಕ್ಕೆ ಇನ್ನೊಂದು ಮುಖವಿದೆ. ಬೆಂಗಳೂರಿನ ಮಿಂತ್ರಾ ಕಂಪನಿಯ ಲೋಗೋ ಹೆಣ್ಣನ್ನು ಅಸಭ್ಯವಾಗಿ ಬಿಂಬಿಸುತ್ತದೆ ಎಂದು 2020ರ ಡಿಸೆಂಬರ್‌ನಲ್ಲಿ ಮುಂಬೈ ಪೊಲೀಸರ ಸೈಬರ್ ವಿಭಾಗಕ್ಕೆ ದೂರು ಹೋಯಿತು. ಮುಂದಿನ ತಿಂಗಳೇ ಕಂಪನಿ ವೆಬ್‌ಸೈಟು, ಆ್ಯಪ್, ಪೊಟ್ಟಣಗಳ ಮೇಲೆಲ್ಲ ಲೋಗೋ ಬದಲಿಸಲು ಒಪ್ಪಿತು. “ಇಷ್ಟು ವರ್ಷ ನೋಡಿದ್ದೇವೆ, ಹಾಗೆ ಕಂಡೇ ಇರಲಿಲ್ಲ” ಎಂದವರು ಸಾಕಷ್ಟು ಜನ. ಒಮ್ಮೆ ಹೇಳಿದ ಮೇಲೆ ಬೇರೆ ಏನೂ ಕಾಣದಂತಾಯಿತು ಎಂದವರೂ ಅಷ್ಟೇ ಜನ. ದೂರು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಲೋಗೋ ಹೊರಗೆ ಬಿಡುವ ಮುಂಚೆ ಹೆಂಗಸರು, ಹದಿಹರೆಯದವರು, ಬೇರೆ ಬೇರೆ ಸಮುದಾಯದವರು ಹೀಗೆ ಬೇರೆ ಬೇರೆ ಕಣ್ಣುಗಳಿಗೆ ತೋರಿಸಿ “ಇದರಲ್ಲಿ ಏನು ಕಾಣುತ್ತದೆ?” ಎಂದು ಕೇಳುವುದು ಇದಕ್ಕೇ. ನಲವತ್ತರಲ್ಲಿ ಒಬ್ಬರಿಗೆ ಕಂಡರೂ ಸಾಕು, ಅದು ವೋಟಿನ ಲೆಕ್ಕಕ್ಕೆ ಬರುವ ವಿಷಯವಲ್ಲ.

ಬಣ್ಣದ ಫಾರ್ವರ್ಡ್‌ಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನೀಲಿ ಎಂದರೆ ನಂಬಿಕೆ, ಕೆಂಪು ಎಂದರೆ ಹಸಿವು ಎಂಬ ಪಟ್ಟಿಗಳಿಗೆ ಗಟ್ಟಿ ಆಧಾರ ಇಲ್ಲ. ಕೆಂಪಿನ ಪರಿಣಾಮದ ಬಗ್ಗೆ ಹೆಸರಾದ ಕೆಲವು ಪ್ರಯೋಗಗಳನ್ನು ಬೇರೆಯವರು ಮತ್ತೆ ಮಾಡಿದಾಗ ಅದೇ ಫಲಿತಾಂಶ ಬರಲಿಲ್ಲ. ಬಣ್ಣದ ಅರ್ಥ ಸಂದರ್ಭಕ್ಕೆ ಅಂಟಿಕೊಂಡಿರುತ್ತದೆ. ಹಳದಿ ಕೆಂಪು ಸೇರಿದರೆ ನಮಗೆ ಅರಿಶಿನ ಕುಂಕುಮ, ನವೆಂಬರ್ ಒಂದು, ಕನ್ನಡ ಬಾವುಟ. ಅದೇ ಜೋಡಿ ಬೇರೆ ದೇಶದವನಿಗೆ ಬರ್ಗರ್ ಅಂಗಡಿ.

ಹಾಗಾದರೆ ಕೇಳುವುದು ಹೇಗೆ?

ಮೊದಲು ಪ್ರಶ್ನೆ ಬದಲಿಸಿ. “ಚೆನ್ನಾಗಿದೆಯಾ?” ಎಂದು ಕೇಳಿದರೆ “ಚೆನ್ನಾಗಿದೆ” ಎಂದೇ ಉತ್ತರ. ನಮ್ಮ ಸೀಮೆಯಲ್ಲಿ ಮನೆಗೆ ಬಂದವರ ಮುಂದೆ ಇಟ್ಟ ಮಂಡಕ್ಕಿ ಮಿರ್ಚಿಗೂ ಅದೇ ಉತ್ತರ. ಅದರ ಬದಲು ಒಬ್ಬೊಬ್ಬರಿಗೇ ಪ್ರತ್ಯೇಕವಾಗಿ, ಒಂದೇ ಲೋಗೋವನ್ನು ಐದು ಸೆಕೆಂಡ್ ತೋರಿಸಿ ಫೋನ್ ತಿರುಗಿಸಿಬಿಡಿ. ಏನು ಕಂಡಿತು? ಹೆಸರು ಏನು? ಇವರು ಏನು ಮಾರುತ್ತಾರೆ ಅನ್ನಿಸಿತು? “ಯಾವುದೋ ಆಸ್ಪತ್ರೆಯದ್ದು ಇರಬೇಕು” ಎಂಬ ಉತ್ತರ ಬಂದರೆ ನಲವತ್ತು ಹೆಬ್ಬೆರಳಿಗಿಂತ ಅದು ದೊಡ್ಡ ಮಾಹಿತಿ. ಎರಡು ದಿನ ಬಿಟ್ಟು ಅದೇ ಜನರಿಗೆ ಹತ್ತು ಲೋಗೋಗಳ ನಡುವೆ ನಿಮ್ಮದನ್ನು ಸೇರಿಸಿ ಕಳಿಸಿ, ಗುರುತು ಹಿಡಿಯುತ್ತಾರಾ ನೋಡಿ.

ಹೀಗೆ ಕೇಳಲು ನೂರಾರು ಜನ ಬೇಕಿಲ್ಲ. ಹಿಂದೆ ಚಿತ್ರ ಕೊಂಡ ಐದಾರು ಜನ, ನಿಮ್ಮ ಪರಿಚಯವೇ ಇಲ್ಲದ ಐದಾರು ಜನ ಸಾಕು. ದೊಡ್ಡ ಎಡವಟ್ಟುಗಳಿದ್ದರೆ ಬಹುಪಾಲು ಅಷ್ಟರಲ್ಲೇ ಹೊರಬೀಳುತ್ತವೆ. ಯಾವುದು ಹೆಚ್ಚು ಜನಪ್ರಿಯ ಎಂದು ಅಳೆಯಲು ಇಷ್ಟು ಸಾಲದು, ಆದರೆ ನಿಮಗೆ ಬೇಕಿರುವುದು ಅದಲ್ಲ.

ನೆನಪಿನ ವಿಷಯದಲ್ಲಿ ಜನರಿಂದ ಹೆಚ್ಚು ನಿರೀಕ್ಷಿಸಬೇಡಿ. 2015ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿನ 85 ವಿದ್ಯಾರ್ಥಿಗಳಿಗೆ ಆ್ಯಪಲ್ ಲೋಗೋವನ್ನು ನೆನಪಿನಿಂದ ಬಿಡಿಸಲು ಹೇಳಿದಾಗ ತಪ್ಪಿಲ್ಲದೆ ಬಿಡಿಸಿದ್ದು ಒಬ್ಬರೇ. ಕಚ್ಚಿದ್ದು ಎಡಕ್ಕೋ ಬಲಕ್ಕೋ, ಎಲೆ ಯಾವ ಕಡೆಗೆ ವಾಲಿದೆ ಎಂಬುದೆಲ್ಲ ತಲೆಯಲ್ಲಿ ಉಳಿಯುವುದೇ ಇಲ್ಲ, ‘ಕಚ್ಚಿದ ಸೇಬು’ ಎಂಬಷ್ಟು ಮಾತ್ರ ಉಳಿಯುತ್ತದೆ. ನಿಮ್ಮ ಲೋಗೋವನ್ನು ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಬಹುದೇ? ‘ಮಲ್ಲಿಗೆ ಮೊಗ್ಗಿನ ಬ್ರಷ್’ ಎನ್ನಬಹುದಾದರೆ ಬದುಕಿತು. ಹಂಪಿಯ ಕಲ್ಲಿನ ರಥ ಹಾಕುವವರಿಗೆ ಒಂದು ಎಚ್ಚರಿಕೆ: ಅದು 2017ರಿಂದ ಐವತ್ತು ರೂಪಾಯಿ ನೋಟಿನ ಮೇಲಿದೆ, ಜಿಲ್ಲೆಯ ಟ್ರಾವೆಲ್ಸ್, ಲಾಡ್ಜ್, ಹೋಟೆಲುಗಳ ಬೋರ್ಡಿನ ಮೇಲೂ ಇದೆ. ಡಿಪಿ ಗಾತ್ರಕ್ಕೆ ಇಳಿಸಿದಾಗ ಚಕ್ರದ ಕೆತ್ತನೆಯೆಲ್ಲ ಕಲಸಿಹೋಗಿ ಆಟೋರಿಕ್ಷಾದಂತೆ ಕಾಣುತ್ತದೆ.

ಕನ್ನಡದಲ್ಲಿ ಹೆಸರು ಬರೆಸುವವರು ನೋಡಲೇಬೇಕಾದ ಒಂದು ಸಂಗತಿ ಇದೆ, ಬೆಂಗಳೂರಿನ ಡಿಸೈನರ್‌ಗಳೂ ಮರೆಯುವಂಥದ್ದು. ಅದು ಒತ್ತಕ್ಷರ. ಕೂಡ್ಲಿಗಿಯ ‘ಡ್ಲಿ’, ಕೊಟ್ಟೂರಿನ ‘ಟ್ಟೂ’, ಹರಪನಹಳ್ಳಿಯ ‘ಳ್ಳಿ’, ಹಗರಿಬೊಮ್ಮನಹಳ್ಳಿಯಲ್ಲಂತೂ ಎರಡೆರಡು. ಈ ಐದರಲ್ಲಿ ಒತ್ತಿನ ಹಂಗಿಲ್ಲದ ಊರು ಹೂವಿನ ಹಡಗಲಿ ಒಂದೇ! ಇಂಗ್ಲಿಷ್ ಅಕ್ಷರ ಒಂದು ಸಾಲಿನ ಎತ್ತರದಲ್ಲಿ ಕೂರುತ್ತದೆ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಎರಡಕ್ಕೂ ಜಾಗ ಬೇಕು. ದುಂಡು ಡಿಪಿಯಲ್ಲಿ ಮೊದಲು ಕತ್ತರಿಸಿ ಹೋಗುವುದೂ, ಸಣ್ಣದಾದಾಗ ಮೊದಲು ಮಸಿಯ ಚುಕ್ಕೆಯಾಗುವುದೂ ಒತ್ತಕ್ಷರವೇ. ಕೆಲವು ವಿನ್ಯಾಸ ಸಾಫ್ಟ್‌ವೇರ್‌ಗಳಲ್ಲಿ ಭಾರತೀಯ ಲಿಪಿಯ ಸೆಟ್ಟಿಂಗ್ ಹಾಕದಿದ್ದರೆ ಒತ್ತು ಬಿಡಿಸಿಕೊಂಡು ಪಕ್ಕದಲ್ಲಿ ನಿಲ್ಲುತ್ತದೆ. ಕನ್ನಡ ಬಾರದ ಡಿಸೈನರ್‌ಗೆ ಅದು ತಪ್ಪೆಂದು ತಿಳಿಯುವುದೂ ಇಲ್ಲ. ಬಾಲೂ ತಮ್ಮ, ಅನೇಕ್ ಕನ್ನಡ, ನೋಟೋ ಸಾನ್ಸ್ ಕನ್ನಡದಂಥ ಮುಕ್ತ ಪರವಾನಗಿಯ ಅಕ್ಷರಗಳು ಉಚಿತವಾಗಿಯೇ ಸಿಗುತ್ತವೆ. ಎಲ್ಲಿಂದಲೋ ಎತ್ತಿದ ಫಾಂಟ್ ಬೇಕಿಲ್ಲ.

ಉಳಿದ ಪರೀಕ್ಷೆಗಳಿಗೆ ಹತ್ತು ರೂಪಾಯಿ ಸಾಕು. ಒಂದು ಕಪ್ಪು ಬಿಳುಪು ಜೆರಾಕ್ಸ್ ತೆಗೆಸಿ. ಅದರಲ್ಲಿ ಆಕಾರ ಉಳಿದರೆ ಪಾರ್ಸೆಲ್ ಮೇಲಿನ ಸ್ಟಾಂಪಿನಲ್ಲೂ ಉಳಿಯುತ್ತದೆ. ಕೆಂಪು ಹಸಿರು ಬೇರೆ ಮಾಡಿ ಕಾಣಲು ಕಷ್ಟಪಡುವವರಿಗೂ ಅದು ಬಹುಮಟ್ಟಿಗೆ ತಿಳಿಯುತ್ತದೆ. ಯುರೋಪ್ ಮೂಲದ ಗಂಡಸರಲ್ಲಿ ಇಂಥವರು ಸುಮಾರು ಶೇ 8, ಭಾರತದ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ, ಆದರೂ ಇದ್ದಾರೆ. ಆಮೇಲೆ ಗೀರು ಬಿದ್ದ ಹಳೇ ಫೋನಿನಲ್ಲಿ, ನಡುಹಗಲ ಬಿಸಿಲಿನಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಒಮ್ಮೆ ನೋಡಿ.

ನನ್ನನ್ನು ಕೇಳಿದರೆ, ಸಣ್ಣ ಗ್ಯಾಲರಿಗೆ ಲೋಗೋಗಿಂತ ಮೊದಲು ಸರಿಯಾಗಬೇಕಾದ್ದು ಬೇರೆ ಇದೆ. ಚಿತ್ರದ ಫೋಟೋ ನೆರಳಿಲ್ಲದೆ ಇರಬೇಕು, ಅಳತೆ ಇಂಚಿನಲ್ಲಿ ಬರೆದಿರಬೇಕು, ಬೆಲೆ ಮತ್ತು ಕೊರಿಯರ್ ಖರ್ಚು ಎದುರಿಗೇ ಕಾಣಬೇಕು. “ರೇಟಿಗೆ ಮೆಸೇಜ್ ಮಾಡಿ” ಎಂಬ ಸಾಲು ಓಡಿಸಿದಷ್ಟು ಗಿರಾಕಿಗಳನ್ನು ಯಾವ ಕೆಟ್ಟ ಲೋಗೋವೂ ಓಡಿಸಿರಲಿಕ್ಕಿಲ್ಲ.

ವೋಟಿನ ಲಿಂಕ್ ಬಂದರೆ ಮುಟ್ಟುವ ಮುಂಚೆ

ಫಾರ್ವರ್ಡ್ ಮಾಡುವವರು ಗಮನಿಸಬೇಕಾದ ಭಾಗ ಇದು. “ನಮ್ಮ ಲೋಗೋಗೆ ವೋಟ್ ಹಾಕಿ”, “ನನ್ನ ಅಣ್ಣನ ಮಗಳು ಚಿತ್ರಕಲಾ ಸ್ಪರ್ಧೆಯಲ್ಲಿದ್ದಾಳೆ, ವೋಟ್ ಹಾಕಿ” ಎಂದು ಪರಿಚಯದವರ ನಂಬರಿನಿಂದಲೇ ಲಿಂಕ್ ಬರಬಹುದು. ಒತ್ತಿದರೆ ಚೆಂದದ ಪುಟ ತೆರೆದು ಮೊಬೈಲ್ ನಂಬರ್ ಕೇಳುತ್ತದೆ, ಆಮೇಲೆ ಒಂದು ಕೋಡ್ ಕೊಟ್ಟು ವಾಟ್ಸಾಪ್‌ನಲ್ಲಿ ಹಾಕಲು ಹೇಳುತ್ತದೆ, ಇಲ್ಲವೇ ನಿಮಗೆ ಬಂದ ಓಟಿಪಿ ಕೇಳುತ್ತದೆ. ಅದನ್ನು ಮಾಡಿದಿರಿ ಎಂದರೆ ನಿಮ್ಮ ವಾಟ್ಸಾಪ್ ಇನ್ನೊಬ್ಬರ ಕಂಪ್ಯೂಟರ್‌ಗೆ ಜೋಡಣೆಯಾಯಿತು. ಮುಂದೆ ನಿಮ್ಮ ಹೆಸರಿನಲ್ಲಿ ನಿಮ್ಮ ನೆಂಟರಿಗೆ “ಅರ್ಜೆಂಟಾಗಿ ದುಡ್ಡು ಬೇಕಿತ್ತು” ಎಂಬ ಮೆಸೇಜು ಹೋಗುತ್ತದೆ. ನಿಜವಾದ ವೋಟಿಗೆ ಓಟಿಪಿ ಬೇಕಾಗುವುದಿಲ್ಲ. ಒತ್ತಿಬಿಟ್ಟಿದ್ದರೆ ವಾಟ್ಸಾಪ್ ಸೆಟ್ಟಿಂಗ್ಸ್‌ನ ಲಿಂಕ್ಡ್ ಡಿವೈಸಸ್‌ಗೆ ಹೋಗಿ ಗೊತ್ತಿಲ್ಲದ್ದನ್ನೆಲ್ಲ ಲಾಗ್‌ಔಟ್ ಮಾಡಿ, ಎರಡು ಹಂತದ ಪರಿಶೀಲನೆಯ ಪಿನ್ ಹಾಕಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಚಿತ್ರ ಮಾರುವವರಿಗೆ ಇದರ ಜೋಡಿ ಮೋಸವೂ ಇದೆ. “ಪೇಂಟಿಂಗ್ ತಗೋತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ, ನಿಮಗೆ ದುಡ್ಡು ಬರುತ್ತೆ” ಎನ್ನುವುದು. ದುಡ್ಡು ಪಡೆಯಲು ಸ್ಕ್ಯಾನ್ ಮಾಡಬೇಕಿಲ್ಲ, ಯುಪಿಐ ಪಿನ್ ಹಾಕಬೇಕಿಲ್ಲ.

ಬದಲಿಸುವ ದಿನ

ಕಾಗದಪತ್ರದ ವಿಷಯ ಚಿಕ್ಕದಾಗಿ. ದುಡ್ಡು ಕೊಟ್ಟು ಮಾಡಿಸಿದ ಮಾತ್ರಕ್ಕೆ ಲೋಗೋದ ಕೃತಿಸ್ವಾಮ್ಯ ತಾನಾಗಿಯೇ ನಿಮ್ಮದಾಗುವುದಿಲ್ಲ. ಬಿಡಿಸಿದವರು ಹಕ್ಕು ವರ್ಗಾಯಿಸಿದ್ದೇನೆ ಎಂದು ಬರೆದು ಸಹಿ ಹಾಕಿಕೊಡಬೇಕು. ಟ್ರೇಡ್‌ಮಾರ್ಕ್ ನೋಂದಣಿಗೆ ಆನ್‌ಲೈನ್ ಅರ್ಜಿ ಹಾಕಿದರೆ ವ್ಯಕ್ತಿಗಳಿಗೆ ಮತ್ತು ಸಣ್ಣ ಉದ್ಯಮಗಳಿಗೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ, ನೋಂದಣಿ ಹತ್ತು ವರ್ಷಕ್ಕೆ. ವೃತ್ತದೊಳಗಿನ ‘ಆರ್’ ಗುರುತನ್ನು ನೋಂದಣಿ ಆಗುವ ಮುಂಚೆ ಹಾಕಿಕೊಳ್ಳುವುದು ಅಪರಾಧ. ಗಂಡಭೇರುಂಡ ನಮ್ಮದೇ ಸೀಮೆಯ ಗುರುತು, ವಿಜಯನಗರದ ಅಚ್ಯುತರಾಯನ ನಾಣ್ಯಗಳ ಮೇಲೂ ಇತ್ತು, ನಿಜ. ಹಾಗೆಂದು ಈಗಿನ ಕರ್ನಾಟಕ ಸರ್ಕಾರದ ಲಾಂಛನವನ್ನೋ ಅಶೋಕ ಸ್ತಂಭವನ್ನೋ ವ್ಯಾಪಾರಕ್ಕೆ ಬಳಸುವುದಕ್ಕೆ 1950 ಮತ್ತು 2005ರ ಕಾಯ್ದೆಗಳ ನಿರ್ಬಂಧವಿದೆ.

ಹೊಸ ಲೋಗೋ ಹಾಕುವ ರಾತ್ರಿಯೇ ಹೆಸರು, ಫೋನ್ ನಂಬರ್, ಪೇಜಿನ ವಿಳಾಸ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ. ಹಳೇ ಗಿರಾಕಿಯ ಕಣ್ಣಿಗೆ ಅದು ಕಳ್ಳತನವಾದ ಅಕೌಂಟಿನ ಹಾಗೆ ಕಾಣುತ್ತದೆ. ಹಳೆಯದು, ಬಾಣದ ಗುರುತು, ಹೊಸದು ಹೀಗೆ ಎರಡನ್ನೂ ಒಂದೇ ಚಿತ್ರದಲ್ಲಿ ಹಾಕಿ ಹಳೆಯ ನಂಬರಿನಿಂದಲೇ ಕಳಿಸಿ, ಪೇಜಿನ ಮೇಲೆ ಪಿನ್ ಮಾಡಿ ಕೆಲವು ತಿಂಗಳು ಬಿಡಿ. ಕಚ್ಚಾ ಕಡತ ಡಿಸೈನರ್ ಹತ್ತಿರ ಉಳಿಯದಂತೆ ನಿಮ್ಮ ಇಮೇಲ್‌ಗೆ ತರಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂದ ಲೋಗೋ ಕುಗ್ಗಿರುತ್ತದೆ, ಬ್ಯಾನರ್‌ಗೆ ದೊಡ್ಡದು ಮಾಡಿದರೆ ಹರಿದುಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.